ಚಾನಲ್ ಎರಡು, ಮಾಲೀಕರು ಒಬ್ಬರೇ: ಕೊಡಗಿನವರಿಗೆ ಇದರಿಂದ ಏನಾದರೂ ತೊಂದರೆ ಇದೆಯಾ?

ಬಾಣೆಬದಿ (ವಿರಾಜಪೇಟೆ):
ನಿನ್ನೆ ಮನೆಯಲ್ಲಿ ಇದೇ ವಿಷಯಕ್ಕೆ ಜೋರು ವಾದ ಆಯಿತು. ನಿಮ್ಮ ಅಭಿಪ್ರಾಯ ಕೇಳೋಣ ಅಂತ ಇಲ್ಲಿ ಹಾಕುತ್ತಿದ್ದೇನೆ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಈಗ ಒಂದೇ ಕಂಪನಿ. 2024ರ ನವೆಂಬರ್‌ನಲ್ಲಿ ರಿಲಯನ್ಸ್‌ನ ವಯಾಕಾಮ್18, ಡಿಸ್ನಿಯ ಸ್ಟಾರ್ ಇಂಡಿಯಾ ಸೇರಿ ಜಿಯೋಸ್ಟಾರ್ ಆಯಿತಲ್ಲ, ಅಲ್ಲಿಂದ. ನ್ಯೂಸ್18 ಕನ್ನಡವೂ ರಿಲಯನ್ಸ್ ಬಳಗದ್ದೇ. ನನ್ನ ಫೋನಿನ ಸಿಮ್ಮೂ ಅವರದೇ.

ತಮ್ಮ ಹೇಳುತ್ತಾನೆ, "ಯಾರದಾದರೇನು, ಅತ್ತೆ ಸೊಸೆ ಜಗಳ ಅದೇ ತಾನೆ?" ನನ್ನ ಹೆಂಡತಿ ಒಪ್ಪುವುದಿಲ್ಲ. ಸುದ್ದಿ, ಸಿನಿಮಾ, ಕ್ರಿಕೆಟ್, ಇಂಟರ್ನೆಟ್ ಎಲ್ಲಾ ಒಂದೇ ಕೈಗೆ ಹೋದರೆ ನಾಳೆ ಆ ಕೈ ಬಗ್ಗೆ ಬರೆಯುವವರು ಯಾರು ಅಂತ ಅವಳ ಪ್ರಶ್ನೆ. ನನಗೆ ಇಬ್ಬರದೂ ಸರಿ ಅನಿಸುತ್ತದೆ. ಬೆಂಗಳೂರು, ಮುಂಬೈಯ ದೊಡ್ಡವರ ಈ ವ್ಯವಹಾರದಿಂದ ನಮ್ಮ ಜಿಲ್ಲೆಗೆ ನಿಜಕ್ಕೂ ಏನಾಗುತ್ತದೆ?

ಸುಂಟಿಕೊಪ್ಪದ ಸುಬ್ಬ:
ಏನೂ ಆಗಲ್ಲ. ನಮ್ಮ ಆನೆ, ನಮ್ಮ ಮಳೆ, ನಮ್ಮ ರಸ್ತೆ ಗುಂಡಿ ಅವರಿಗೆ ಮೊದಲೂ ಬೇಡ, ಈಗಲೂ ಬೇಡ.

ಕರಿಮೆಣಸು:
ಇದೆಲ್ಲ ಶುರುವಾದದ್ದು ಅಂಬಾನಿ ಎನ್‌ಡಿಟಿವಿ ಕೊಂಡಾಗ. ಆಗ ಯಾರೂ ಮಾತಾಡಲಿಲ್ಲ.

ಹಳೇ ಮೇಷ್ಟ್ರು (ಸೋಮವಾರಪೇಟೆ):
ಕರಿಮೆಣಸು ಅವರೇ, ಎನ್‌ಡಿಟಿವಿ ಕೊಂಡದ್ದು ಅದಾನಿ ಬಳಗ. ಅಂಬಾನಿ ಬಳಗ 2014ರಲ್ಲಿ ಹಿಡಿತಕ್ಕೆ ತೆಗೆದುಕೊಂಡದ್ದು ನ್ಯೂಸ್18 ಚಾನಲ್‌ಗಳ ಕಂಪನಿ ನೆಟ್‌ವರ್ಕ್18. ಆದರೆ ನೀವು ಪೂರ್ತಿ ದಾರಿ ತಪ್ಪಿಲ್ಲ. ಎನ್‌ಡಿಟಿವಿ ಕತೆಯಲ್ಲಿ ಇಬ್ಬರೂ ಬರುತ್ತಾರೆ.

ಆ ಚಾನಲ್ ಕಟ್ಟಿದ ದಂಪತಿಯ ಕಂಪನಿ 2009ರಲ್ಲಿ ವಿಶ್ವಪ್ರಧಾನ್ ಎಂಬ ಸಂಸ್ಥೆಯಿಂದ ಸುಮಾರು 400 ಕೋಟಿ ಸಾಲ ಪಡೆಯಿತು. ಆ ಹಣ ಬಂದದ್ದು ರಿಲಯನ್ಸ್ ಜೊತೆ ನಂಟಿದ್ದ ಕಂಪನಿಯಿಂದ. ಸಾಲ ಕೊಟ್ಟವರು ಅದನ್ನು ಷೇರಾಗಿ ಬದಲಿಸಿಕೊಳ್ಳಬಹುದು ಅಂತ ಕರಾರಿನಲ್ಲೇ ಇತ್ತು. 2022ರ ಆಗಸ್ಟ್‌ನಲ್ಲಿ ಅದಾನಿ ಬಳಗ ಆ ವಿಶ್ವಪ್ರಧಾನ್ ಅನ್ನೇ ಕೊಂಡಿತು. ಹಳೇ ಪತ್ರ ಹೊರಗೆ ಬಂತು, ಚಾನಲ್‌ನ ಶೇ 29 ಪಾಲು ಕೈಗೆ ಸಿಕ್ಕಿತು. ಡಿಸೆಂಬರ್ ಒಳಗೆ ಚಾನಲ್‌ನ ಹಿಡಿತ ಅವರ ಕೈಗೆ ಹೋಯಿತು. ನವೆಂಬರ್ 30ಕ್ಕೆ ಅಲ್ಲಿನ ಹೆಸರಾಂತ ಹಿಂದಿ ನಿರೂಪಕ ರವೀಶ್ ಕುಮಾರ್ ರಾಜೀನಾಮೆ ಕೊಟ್ಟರು.

ಸುದ್ದಿಮನೆಯ ಬಾಗಿಲು ಒಡೆಯಲು ಪೊಲೀಸರು ಬೇಕಿಲ್ಲ, ಒಂದು ಸಾಲಪತ್ರ ಸಾಕು. ನನಗೆ ಹೆದರಿಕೆ ಆಗುವುದು ಅಲ್ಲೇ.

ಗೋಣಿಕೊಪ್ಪ ಗಿರಾಕಿ:
ಮೇಷ್ಟ್ರೇ, ಸಾಲ ತೆಗೆದುಕೊಂಡವರು ಕಟ್ಟಬೇಕಿತ್ತು. ಕಾಫಿ ಬೆಳೆಗಾರ ಬ್ಯಾಂಕ್ ಸಾಲ ಕಟ್ಟದಿದ್ದರೆ ತೋಟ ಹರಾಜಿಗೆ ಬರುತ್ತೆ. ಆಗ ಯಾರೂ ಪ್ರಜಾಪ್ರಭುತ್ವಕ್ಕೆ ಧಕ್ಕೆ ಅನ್ನಲ್ಲ.

ಹಳೇ ಮೇಷ್ಟ್ರು (ಸೋಮವಾರಪೇಟೆ):
ತೋಟ ಹರಾಜಾದರೆ ಹೊಸ ಮಾಲೀಕ ಅದೇ ಕಾಫಿ ಮಾರುತ್ತಾನೆ. ಚಾನಲ್ ಕೊಂಡವನು ಅದೇ ಸುದ್ದಿ ಕೊಡುತ್ತಾನಾ?

ಬಾಣೆಬದಿ (ವಿರಾಜಪೇಟೆ):
ಅಂದ ಹಾಗೆ ಸುವರ್ಣ ನ್ಯೂಸೂ ಈಗ ಜಿಯೋಸ್ಟಾರ್‌ಗೆ ಸೇರಿದ್ದೇ ಅಲ್ವಾ?

ಕೇಬಲ್ ಹುಡುಗ (ಕುಶಾಲನಗರ):
ಇಲ್ಲ ಅಣ್ಣಾ. ಧಾರಾವಾಹಿ ಬರುವ ಸ್ಟಾರ್ ಸುವರ್ಣ ಬೇರೆ, ಏಷ್ಯಾನೆಟ್ ಸುವರ್ಣ ನ್ಯೂಸ್ ಬೇರೆ. ಹೆಸರು ಒಂದೇ ಥರ ಇರುವುದರಿಂದ ದಿನಾ ಯಾರಾದರೂ ಕೇಳುತ್ತಾರೆ. ಮನರಂಜನೆ ಚಾನಲ್ ಸ್ಟಾರ್ ಕೈಗೆ ಹೋಯಿತು. ಸುದ್ದಿ ಚಾನಲ್ ರಾಜೀವ್ ಚಂದ್ರಶೇಖರ್ ಅವರ ಕಡೆ ಉಳಿಯಿತು. ಕನ್ನಡಪ್ರಭವನ್ನೂ ಆಮೇಲೆ ಅವರೇ ತೆಗೆದುಕೊಂಡರು.

ಪುತ್ತರಿ ಕದಿರು:
ಅಂದರೆ ರಾಜ್ಯಸಭಾ ಸದಸ್ಯರಾಗಿ, ಆಮೇಲೆ ಕೇಂದ್ರ ಸಚಿವರೂ ಆದವರ ಕಡೆ ಒಂದು ಸುದ್ದಿ ಚಾನಲ್, ಒಂದು ಪತ್ರಿಕೆ. ಕಸ್ತೂರಿ ಟಿವಿ ಶುರು ಮಾಡಿದ್ದು ಕುಮಾರಸ್ವಾಮಿ ಕುಟುಂಬ. ಉದಯ ಟಿವಿ ಚೆನ್ನೈನ ಸನ್ ಬಳಗದ್ದು, ಅದರ ಮಾರನ್ ಕುಟುಂಬ ಕರುಣಾನಿಧಿ ಅವರ ಸಂಬಂಧಿಕರು. ಪಕ್ಷ ಯಾವುದೇ ಇರಲಿ, ಎಲ್ಲರಿಗೂ ಒಂದು ಕ್ಯಾಮೆರಾ ಬೇಕು. ಒಬ್ಬರನ್ನೇ ಬೈದು ಏನು ಪ್ರಯೋಜನ?

ಗೋಣಿಕೊಪ್ಪ ಗಿರಾಕಿ:
ಅದೇ ನಾನೂ ಹೇಳುವುದು. ಪತ್ರಿಕೆಗೆ ದುಡ್ಡಿರುವ ಮಾಲೀಕ ಯಾವಾಗಲೂ ಬೇಕಿತ್ತು. ವಿಜಯ ಸಂಕೇಶ್ವರರು ಲಾರಿ ವ್ಯವಹಾರದಿಂದ ಬಂದು ವಿಜಯ ಕರ್ನಾಟಕ ಕಟ್ಟಿದರು. ಅವರು ಬಂದ ಮೇಲೆ ಉಳಿದ ಪತ್ರಿಕೆಗಳೂ ಬೆಲೆ ಇಳಿಸಬೇಕಾಯಿತು. ಓದುಗರಿಗೆ ಲಾಭವೇ ಆಯಿತಲ್ಲ? ಈಗ ವಿಜಯವಾಣಿ ಕೂಡ ಟೈಮ್ಸ್‌ನವರ ಕೈಯಲ್ಲಿ ಚೆನ್ನಾಗಿಯೇ ನಡೆಯುತ್ತಿದೆ.

ಪುತ್ತರಿ ಕದಿರು:
ತಿರುಗಾಮುರುಗಾ ಹೇಳಿದಿರಿ. 2006ರಲ್ಲಿ ಟೈಮ್ಸ್‌ಗೆ ಮಾರಿದ್ದು ವಿಜಯ ಕರ್ನಾಟಕ. 2012ರಲ್ಲಿ ಸಂಕೇಶ್ವರರು ಹೊಸದಾಗಿ ಶುರು ಮಾಡಿದ್ದು ವಿಜಯವಾಣಿ. ಬೆಲೆ ಇಳಿಸುವ ಆಟದ ಇನ್ನೊಂದು ಮುಖವನ್ನೂ ನೋಡಿ. ದೊಡ್ಡವನು ನಷ್ಟಕ್ಕೆ ಮಾರಿದರೂ ಜಾಹೀರಾತಿನಲ್ಲಿ ಎತ್ತುತ್ತಾನೆ. ಸಣ್ಣವನಿಗೆ ಕಾಗದದ ಖರ್ಚೂ ಹುಟ್ಟಲ್ಲ.

ವಕೀಲರ ಆಫೀಸು:
ಸರ್ಕಾರ ಇದನ್ನು ತಡೆಯಲು ಹಿಂದೆಯೇ ಕೈ ಹಾಕಿತ್ತು. ಮೊದಲ ಪತ್ರಿಕಾ ಆಯೋಗ 1954ರಲ್ಲಿ ಹೇಳಿದ ಮಾತು: ಇಷ್ಟು ಪುಟಕ್ಕೆ ಇಷ್ಟು ಬೆಲೆ ಅಂತ ಕಟ್ಟು ಮಾಡಿ, ಆಗ ದೊಡ್ಡ ಪತ್ರಿಕೆ ಸಣ್ಣದನ್ನು ನುಂಗುವುದಿಲ್ಲ. 1956ರಲ್ಲಿ ಕಾನೂನೂ ಬಂತು. ಪುಣೆಯ ಸಕಾಳ್ ಪತ್ರಿಕೆಯವರು ಸುಪ್ರೀಂ ಕೋರ್ಟಿಗೆ ಹೋದರು, ಕಾನೂನು ಬಿದ್ದು ಹೋಯಿತು. ಪುಟ ಕಡಿಮೆ ಮಾಡು, ಇಲ್ಲವೇ ಬೆಲೆ ಏರಿಸು ಅನ್ನುವುದು ವಾಕ್ ಸ್ವಾತಂತ್ರ್ಯಕ್ಕೇ ಕತ್ತರಿ ಅಂತ ಕೋರ್ಟ್ ಹೇಳಿತು. 1972ರಲ್ಲಿ ಟೈಮ್ಸ್‌ನವರ ಕಂಪನಿ ಬೆನೆಟ್ ಕೋಲ್ಮನ್ ಪ್ರಕರಣದಲ್ಲೂ ಹೆಚ್ಚು ಕಡಿಮೆ ಅದೇ. ಆಗ ಸರ್ಕಾರ ಪತ್ರಿಕೆಗಳಿಗೆ ಹಾಕಿದ್ದ ಹತ್ತು ಪುಟದ ಮಿತಿ ಹೋಯಿತು.

ಹಾಗಾಗಿ "ಸರ್ಕಾರ ಕಾನೂನು ತರಲಿ" ಅನ್ನುವವರು ಸ್ವಲ್ಪ ನಿಧಾನಿಸಬೇಕು. ಮಾಲೀಕರ ಕೈ ಕಟ್ಟುವ ಹಗ್ಗ ಸಂಪಾದಕರ ಕೈಯನ್ನೂ ಕಟ್ಟಬಹುದು.

ಹಳೇ ಮೇಷ್ಟ್ರು (ಸೋಮವಾರಪೇಟೆ):
ವಕೀಲರೇ, ಪುಟ ಎಣಿಸುವುದು ಬೇರೆ, ಒಬ್ಬನಿಗೆ ಎಷ್ಟು ಅಂಗಡಿ ಅಂತ ನೋಡುವುದು ಬೇರೆ. 2014ರ ಆಗಸ್ಟ್‌ನಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಕೊಟ್ಟ ಶಿಫಾರಸು ಓದಿ. ರಾಜಕೀಯ ಪಕ್ಷಗಳು ಚಾನಲ್ ನಡೆಸಬಾರದು. ದೊಡ್ಡ ಉದ್ಯಮಗಳು ಸುದ್ದಿ ವ್ಯವಹಾರಕ್ಕೆ ಬರುವುದಕ್ಕೆ ಕಡಿವಾಣ ಬೇಕು. ಒಂದೇ ಭಾಷೆಯ ಮಾರುಕಟ್ಟೆಯಲ್ಲಿ ಪತ್ರಿಕೆ, ಟಿವಿ ಎರಡರಲ್ಲೂ ಒಬ್ಬರೇ ಮೇಲುಗೈ ಆಗಬಾರದು. 2022ರಲ್ಲಿ ಇದೇ ವಿಷಯಕ್ಕೆ ಮತ್ತೊಮ್ಮೆ ಸಮಾಲೋಚನಾ ಪತ್ರ ಹೊರಡಿಸಿದರು. ಎಲ್ಲಾ ಕಪಾಟಿನಲ್ಲಿದೆ.

ಸುಂಟಿಕೊಪ್ಪದ ಸುಬ್ಬ:
ಕಾನೂನು ಮಾಡಬೇಕಾದವರದೇ ಚಾನಲ್ ಇದ್ದರೆ ಕಪಾಟಿನಲ್ಲಿ ಇರದೆ ಇನ್ನೆಲ್ಲಿ ಇರುತ್ತೆ ಮಾರಾಯ್ರೇ 😀

ಕೇಬಲ್ ಹುಡುಗ (ಕುಶಾಲನಗರ):
ಎಲ್ಲರೂ ಚಾನಲ್ ಯಾರದು ಅಂತ ನೋಡುತ್ತಿದ್ದೀರಿ. ತಂತಿ ಯಾರದು ಅಂತ ಕೇಳಿ. ಮುಂಚೆ ನಮ್ಮ ಕಂಟ್ರೋಲ್ ರೂಮಿನಲ್ಲಿ ನಮ್ಮದೇ ಡಿಶ್ ಇತ್ತು. ಯಾವ ಚಾನಲ್ ಎಲ್ಲಿ ಹಾಕಬೇಕು ಅಂತ ನಾವೇ ನಿರ್ಧಾರ ಮಾಡುತ್ತಿದ್ದೆವು. ಡಿಜಿಟಲ್ ಆದ ಮೇಲೆ ಎಲ್ಲಾ ಮೇಲಿನ ಕಂಪನಿಯಿಂದ ಬರುತ್ತದೆ, ಅದನ್ನು ಎಂಎಸ್‌ಒ ಅನ್ನುತ್ತೇವೆ. ಬಾಕ್ಸ್ ಅವರದು, ಚಾನಲ್ ನಂಬರ್ ಅವರದು, ಪ್ಯಾಕ್ ಅವರದು. ನಾವು ಕಂಬ ಹತ್ತುವುದು, ಬೈಸಿಕೊಳ್ಳುವುದು, ದುಡ್ಡು ವಸೂಲಿ ಮಾಡುವುದು, ಅಷ್ಟೇ.

ಹೊಸ ಸುದ್ದಿ ಚಾನಲ್ ಮನೆ ಮನೆಗೆ ಬರಬೇಕಾದರೆ ಎಂಎಸ್‌ಒಗಳಿಗೆ ಕ್ಯಾರೇಜ್ ಫೀ ಕಟ್ಟಬೇಕು. ಒಳ್ಳೆ ನಂಬರ್ ಬೇಕಾದರೆ ಇನ್ನೂ ಜಾಸ್ತಿ. ಸಣ್ಣವರ ದುಡ್ಡು ಅಲ್ಲೇ ಖಾಲಿ. ದೇಶದ ದೊಡ್ಡ ಎಂಎಸ್‌ಒಗಳಲ್ಲಿ ಎರಡು ಹಾಥ್‌ವೇ, ಡೆನ್. ಅವೆರಡರಲ್ಲೂ 2018ರಲ್ಲಿ ರಿಲಯನ್ಸ್ ದೊಡ್ಡ ಪಾಲು ತೆಗೆದುಕೊಂಡಿತು. ಅಂಗಡಿಯೂ ಅವರದು, ಅಂಗಡಿಗೆ ಹೋಗುವ ದಾರಿಯೂ ಅವರದು.

ಬಾಣೆಬದಿ (ವಿರಾಜಪೇಟೆ):
ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ನಾನು ಪ್ಯಾಕ್ ಬೇಡ, ಬಿಡಿ ಬಿಡಿಯಾಗಿ ಚಾನಲ್ ಕೊಡಿ ಅನ್ನಬಹುದಾ?

ಕೇಬಲ್ ಹುಡುಗ (ಕುಶಾಲನಗರ):
ಅನ್ನಬಹುದು ಅಣ್ಣಾ, 2019ರಿಂದ ನಿಯಮ ಇದೆ. ಆದರೆ ಬಿಡಿಯಾಗಿ ತೆಗೆದುಕೊಂಡರೆ ಲೆಕ್ಕ ಪ್ಯಾಕ್‌ಗಿಂತ ಮೇಲೆ ಹೋಗುತ್ತೆ. ಹಾಗೆ ಬೆಲೆ ಇಟ್ಟಿದ್ದಾರೆ.

ಕಾವೇರಮ್ಮನ ಮೊಮ್ಮಗಳು:
ಟಿವಿ ಯಾರು ನೋಡುತ್ತಾರೆ ಈಗ? ನಾನು ಸುದ್ದಿ ನೋಡುವುದು ಯೂಟ್ಯೂಬ್‌ನಲ್ಲಿ. ರವೀಶ್ ಕುಮಾರ್ ಕೂಡ ಅಲ್ಲೇ ಇದ್ದಾರೆ. ಕೊಡಗಿನದ್ದೇ ಎಷ್ಟೊಂದು ವಾಟ್ಸಾಪ್ ಗುಂಪು, ಫೇಸ್‌ಬುಕ್ ಪೇಜ್ ಇವೆ. ಯಾರಾದರೂ ಮೊಬೈಲ್ ಹಿಡಿದು ಸುದ್ದಿ ಮಾಡಬಹುದು. ಏಕಸ್ವಾಮ್ಯ ಎಲ್ಲಿದೆ?

ಪುತ್ತರಿ ಕದಿರು:
ಯೂಟ್ಯೂಬ್ ಗೂಗಲ್‌ನದು. ವಾಟ್ಸಾಪ್, ಫೇಸ್‌ಬುಕ್ ಎರಡೂ ಮೆಟಾದ್ದು. ಮುಂಬೈ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದಿರಿ, ಅಷ್ಟೇ ವ್ಯತ್ಯಾಸ.

ಮಕ್ಕಂದೂರು:
2018ರ ಆಗಸ್ಟ್ ನೆನಪಿಲ್ಲವಾ ತಂಗಿ? ಗುಡ್ಡ ಕುಸಿಯುತ್ತಿತ್ತು. ಕರೆಂಟ್ ಇಲ್ಲ, ಟವರ್ ಇಲ್ಲ. ಸ್ವಲ್ಪ ಸಿಗ್ನಲ್ ಸಿಕ್ಕಿದ ಕೂಡಲೇ ಬಂದದ್ದು ವಾಟ್ಸಾಪ್ ಆಡಿಯೊ. ಇವತ್ತು ರಾತ್ರಿ ಭೂಕಂಪ ಆಗುತ್ತೆ, ಮನೆ ಬಿಡಿ ಅಂತ. ಯಾರು ಹೇಳಿದ್ದು, ಎಲ್ಲಿಂದ ಬಂತು, ಒಂದೂ ಗೊತ್ತಿಲ್ಲ. ಮಳೆಯಲ್ಲಿ ವಯಸ್ಸಾದವರನ್ನು ಹೊತ್ತುಕೊಂಡು ಹೊರಗೆ ನಿಂತೆವು. ಏನೂ ಆಗಲಿಲ್ಲ.

ಕೊನೆಗೆ ನಂಬಿದ್ದು ಸೆಲ್ ಹಾಕುವ ರೇಡಿಯೋ, ಮಡಿಕೇರಿ ಆಕಾಶವಾಣಿ. ದಿಲ್ಲಿ ಚಾನಲ್‌ಗಳೆಲ್ಲ ಆಗ ಕೇರಳದಲ್ಲಿದ್ದವು. ಕೇರಳಕ್ಕೆ ಬಂದ ಕಷ್ಟ ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಗಡಿಯ ಈ ಕಡೆಯೂ ಊರಿತ್ತು. ಮಾಲೀಕರು ಕಡಿಮೆ ಆದಷ್ಟೂ ವರದಿಗಾರರು ಕಡಿಮೆ, ವರದಿಗಾರರು ಕಡಿಮೆ ಆದಷ್ಟೂ ನಮ್ಮಂಥ ಮೂಲೆ ಮೊದಲು ಬಿಟ್ಟು ಹೋಗುತ್ತೆ.

ಗೋಣಿಕೊಪ್ಪ ಗಿರಾಕಿ:
ಆಕಾಶವಾಣಿ ಸರ್ಕಾರದ್ದು! ಒಬ್ಬನೇ ಮಾಲೀಕ ಬೇಡ ಅನ್ನುವವರು ಸರ್ಕಾರ ಒಂದೇ ಮಾಲೀಕ ಆದರೆ ಖುಷಿ ಪಡುತ್ತೀರಾ? ತುರ್ತು ಪರಿಸ್ಥಿತಿಯಲ್ಲಿ ಅದೇ ರೇಡಿಯೋ ಏನು ಓದಿತು ಅಂತ ಹಿರಿಯರನ್ನು ಕೇಳಿ.

ಮಕ್ಕಂದೂರು:
ಖುಷಿ ಅಂತ ಎಲ್ಲಿ ಹೇಳಿದೆ? ಮಡಿಕೇರಿಯಲ್ಲಿ ಕೂತು ನಮ್ಮ ಭಾಷೆಯಲ್ಲಿ ಓದುವವರು ಇದ್ದರು ಅಂದೆ.

ವಕೀಲರ ಆಫೀಸು:
ಇಬ್ಬರದೂ ಸರಿ. 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ರೇಡಿಯೋ, ಟಿವಿ ಪ್ರಸಾರದ ತರಂಗಗಳು ಜನರ ಆಸ್ತಿ, ಅವುಗಳ ಮೇಲೆ ಏಕಸ್ವಾಮ್ಯ ಸರ್ಕಾರಕ್ಕೂ ಬೇಡ, ಖಾಸಗಿಯವರಿಗೂ ಬೇಡ ಅಂತ. ಆದರೂ ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವ ಹಾಗಿಲ್ಲ. ಆಕಾಶವಾಣಿ ಸುದ್ದಿಯನ್ನೇ ಹಾಕಬೇಕು. ಈ ವಿಚಿತ್ರದ ಬಗ್ಗೆ ಯಾರೂ ಮಾತಾಡಲ್ಲ.

ಕರಿಮೆಣಸು:
ಮಳೆಗಾಲದಲ್ಲಿ ನಮ್ಮ ಕಡೆ ಪೇಪರ್ ಬರುವುದೇ ಹತ್ತು ಗಂಟೆ ಮೇಲೆ. ಅದೂ ಒದ್ದೆ. ಒಲೆ ಪಕ್ಕ ಒಣಗಿಸಿ ಓದಬೇಕು. ಏಜೆಂಟ್ ಮಾತ್ರ ತಿಂಗಳ ದುಡ್ಡಿಗೆ ಸರಿಯಾಗಿ ಬರುತ್ತಾನೆ.

ಸುಂಟಿಕೊಪ್ಪದ ಸುಬ್ಬ:
ಒದ್ದೆ ಆದರೂ ನಿಧನ ವಾರ್ತೆ ಪುಟ ಮೊದಲು ತೆಗೆಯುತ್ತೀರಲ್ಲ, ಹೌದಾ ಅಲ್ವಾ?

ಕರಿಮೆಣಸು:
ಹೌದು ಮತ್ತೆ. ಎರಡು ದಿನ ನೋಡದಿದ್ದರೆ ಯಾರದಾದರೂ ತಿಥಿ ತಪ್ಪುತ್ತದೆ. ಊರಿನವರು ಜನ್ಮದಲ್ಲಿ ಮರೆಯಲ್ಲ.

ಹಳೇ ಮೇಷ್ಟ್ರು (ಸೋಮವಾರಪೇಟೆ):
ನಗಬೇಡಿ, ಸ್ಥಳೀಯ ಪತ್ರಿಕೆಯ ಬೇರು ಅದೇ. ಬ್ರಿಟಿಷರ ಕಾಲದಲ್ಲಿ ಪಂದ್ಯಂಡ ಬೆಳ್ಳಿಯಪ್ಪನವರು 'ಕೊಡಗು' ಪತ್ರಿಕೆ ನಡೆಸಿದರು, ಜೈಲಿಗೂ ಹೋದರು. ಆಮೇಲೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು, ನಮ್ಮದೇ ವಿಧಾನಸಭೆ ಇತ್ತು. 1956ರ ನವೆಂಬರ್ 1ಕ್ಕೆ ಮೈಸೂರಿನ ಜೊತೆ ಸೇರಿಸಿದರು. ಮರು ವರ್ಷವೇ, 1957ರಲ್ಲಿ, ಬಿ.ಎಸ್. ಗೋಪಾಲಕೃಷ್ಣ ಅವರು ಮಡಿಕೇರಿಯಲ್ಲಿ 'ಶಕ್ತಿ' ಶುರು ಮಾಡಿದರು. ಇದು ಬರೀ ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಅಧಿಕಾರ ಬೆಂಗಳೂರಿಗೆ ಹೋದಾಗ ಇಲ್ಲೊಂದು ದನಿ ಬೇಕಿತ್ತು. ಕೊಡವ ತಕ್ಕ್‌ನಲ್ಲಿ 'ಬ್ರಹ್ಮಗಿರಿ', 'ಪೂಮಾಲೆ' ಬಂದದ್ದೂ ಅಂಥದ್ದೇ ಕಾರಣಕ್ಕೆ. ಯಾವ ದೊಡ್ಡ ಕಂಪನಿ ಆ ಭಾಷೆಯಲ್ಲಿ ಪತ್ರಿಕೆ ತರುತ್ತದೆ ಹೇಳಿ?

ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ಲೈನಿಗೆ ದಕ್ಷಿಣ ಕೊಡಗಿನಲ್ಲಿ ಮರ ಉರುಳಿದಾಗ ನಾನು ಸುದ್ದಿ ಹುಡುಕಿದ್ದು ಜಿಲ್ಲೆಯ ಪತ್ರಿಕೆಯಲ್ಲೇ. ಬೆಂಗಳೂರು ಚಾನಲ್ ಹಾಕಿದರೆ ಯಾವುದೋ ನಟನ ಮದುವೆ.

ನಿವೃತ್ತ ಬಿಡಿಸುದ್ದಿ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ನಾನೂ ಒಂದು ಮಾತು ಹೇಳುತ್ತೇನೆ. ಒಂದು ರಾಜ್ಯಮಟ್ಟದ ಪತ್ರಿಕೆಗೆ ಅರೆಕಾಲಿಕ ವರದಿಗಾರನಾಗಿದ್ದೆ. ಹೆಸರು ಬೇಡ. ಸಂಬಳ ಅಂತ ಇರಲಿಲ್ಲ. ಅಚ್ಚಾದ ಸುದ್ದಿ ಅಳೆದು ದುಡ್ಡು ಕೊಡುತ್ತಿದ್ದರು, ಪೆಟ್ರೋಲಿಗೆ ಸಾಕಾಗುತ್ತಿರಲಿಲ್ಲ. ನಿಜವಾದ ಆದಾಯ ಜಾಹೀರಾತಿನ ಕಮಿಷನ್. ದಸರಾ ಪುರವಣಿ ಬಂತೆಂದರೆ ಜಾಹೀರಾತು ವಿಭಾಗದಿಂದ ಫೋನ್: ಈ ಸಲ ನಿಮ್ಮ ತಾಲ್ಲೂಕಿನಿಂದ ಇಷ್ಟು ಬರಲೇಬೇಕು.

ಯಾರ ಹತ್ತಿರ ಕೇಳುವುದು? ಕಂಟ್ರಾಕ್ಟರ್, ರೆಸಾರ್ಟ್, ಹೋಂಸ್ಟೇ, ಪಂಚಾಯಿತಿ ಸದಸ್ಯರು. ವರ್ಷವಿಡೀ ನಾನು ಪ್ರಶ್ನೆ ಕೇಳಬೇಕಾದವರೇ ಅವರು. ಒಂದು ಸಲ ನಾಪೋಕ್ಲು ಕಡೆ ಒಂದು ರೆಸಾರ್ಟಿನವರು ಇಳಿಜಾರು ಗುಡ್ಡ ಕಡಿದು ರಸ್ತೆ ಮಾಡುತ್ತಿದ್ದರು. ಜೆಸಿಬಿ ನಿಂತಿರುವ ಫೋಟೊ, ಕೆಳಗಿನ ಮನೆಯವರ ಮಾತು, ಎಲ್ಲಾ ಕಳಿಸಿದೆ. ಡೆಸ್ಕಿನವರು ಚೆನ್ನಾಗಿದೆ ಅಂದರು. ಮರುದಿನ ಸುದ್ದಿ ಇಲ್ಲ, ಅದರ ಮರುದಿನವೂ ಇಲ್ಲ. ಭಾನುವಾರ ಅದೇ ರೆಸಾರ್ಟಿನ ಪೂರ್ತಿ ಪುಟದ ಬಣ್ಣದ ಜಾಹೀರಾತು ಬಂತು. ಯಾರೂ ನನಗೆ ಬೆದರಿಕೆ ಹಾಕಲಿಲ್ಲ. "ಜಾಗ ಇರಲಿಲ್ಲ" ಅಂದರು, ಅಷ್ಟೇ.

ಆಮೇಲೆ ಖರ್ಚು ಕಡಿಮೆ ಮಾಡಲು ಕೊಡಗು ಪುಟವನ್ನು ಮೈಸೂರು ಪುಟದ ಜೊತೆ ಸೇರಿಸಿದರು. ಅಲ್ಲಿಂದ ನಿಜವಾಗಿಯೂ ಜಾಗ ಇರಲಿಲ್ಲ.

ಕಾವೇರಮ್ಮನ ಮೊಮ್ಮಗಳು:
ಹೀಗಿದ್ದರೆ ಸಣ್ಣ ಪತ್ರಿಕೆಯೂ ಅದೇ ತಾನೆ? ಅವರಿಗೂ ಜಾಹೀರಾತು ಬೇಕು. ಅವರಿಗೆ ಇನ್ನೂ ಜಾಸ್ತಿ ಬೇಕು.

ನಿವೃತ್ತ ಬಿಡಿಸುದ್ದಿ:
ಹೌದಮ್ಮಾ. ಸಣ್ಣವರೆಲ್ಲ ಸಾಚಾ ಅಂತ ನಾನು ಹೇಳಲ್ಲ. ವಾರಪತ್ರಿಕೆ ಹೆಸರಲ್ಲಿ ಬ್ಲ್ಯಾಕ್‌ಮೇಲ್ ಮಾಡುವವರನ್ನೂ ಕಂಡಿದ್ದೇನೆ. ಆದರೆ ಹತ್ತು ಪತ್ರಿಕೆ ಇದ್ದಾಗ ಒಬ್ಬ ಬಿಟ್ಟ ಸುದ್ದಿಯನ್ನು ಇನ್ನೊಬ್ಬ ಹಾಕುತ್ತಿದ್ದ, ಮೊದಲನೆಯವನ ಮೇಲಿನ ಹೊಟ್ಟೆಕಿಚ್ಚಿಗಾದರೂ ಹಾಕುತ್ತಿದ್ದ. ಎರಡೇ ಇದ್ದರೆ ರೆಸಾರ್ಟಿನವನಿಗೆ ಎರಡು ಜಾಹೀರಾತು ಕೊಟ್ಟರೆ ಸಾಕು.

ಗೋಣಿಕೊಪ್ಪ ಗಿರಾಕಿ:
ಈ ಮಾತು ಒಪ್ಪುತ್ತೇನೆ. ಆದರೂ ಇದಕ್ಕೆ ಅದಾನಿ, ಅಂಬಾನಿ ಕಾರಣ ಅಲ್ಲ. ಪೇಪರಿಗೆ ದುಡ್ಡು ಕೊಡದ ನಾವೇ ಕಾರಣ. ತಿಂಗಳಿಗೆ ಮುನ್ನೂರು ರೂಪಾಯಿ ಜಾಸ್ತಿ ಆಯಿತು ಅನ್ನುವವರು ಒಂದು ಪ್ಲೇಟ್ ಪಂದಿಕರಿಗೆ ಎಷ್ಟು ಕೊಡುತ್ತೀರಿ?

ಸುಂಟಿಕೊಪ್ಪದ ಸುಬ್ಬ:
ಪಂದಿಕರಿಯನ್ನು ಇದಕ್ಕೆ ಎಳೆಯಬೇಡಿ. ಅದರಲ್ಲಿ ಜಾಹೀರಾತು ಇರಲ್ಲ.

ಊರು ಬಿಟ್ಟವ (ಅಮೆರಿಕ):
ಇಲ್ಲಿ ಏನಾಯಿತು ಅಂತ ಹೇಳುತ್ತೇನೆ. ಒಂದೇ ಊರಿನಲ್ಲಿ ದಿನಪತ್ರಿಕೆಯೂ ಟಿವಿ ಸ್ಟೇಷನ್ನೂ ಒಬ್ಬನದೇ ಇರಬಾರದು ಅಂತ 1975ರಿಂದ ನಿಯಮ ಇತ್ತು. 2017ರಲ್ಲಿ ತೆಗೆದರು, 2021ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೂ ಅದಕ್ಕೆ ಸರಿ ಅಂದಿತು. ಸಿಂಕ್ಲೇರ್ ಅಂತ ಒಂದು ಕಂಪನಿ ಊರೂರಿನ ಸ್ಟೇಷನ್ ಕೊಂಡುಕೊಂಡಿದೆ. 2018ರಲ್ಲಿ ಒಂದು ವಿಡಿಯೊ ಬಂತು. ಬೇರೆ ಬೇರೆ ಊರಿನ ನಿರೂಪಕರು ಒಂದೇ ಬರಹವನ್ನು ಅಕ್ಷರ ಬಿಡದೆ ಓದುತ್ತಿದ್ದಾರೆ. ಅದೂ ಏನು? ಸುಳ್ಳು ಸುದ್ದಿ ಪ್ರಜಾಪ್ರಭುತ್ವಕ್ಕೆ ಅಪಾಯ ಅಂತ! ನೋಡುವವರಿಗೆ ಅದು ತಮ್ಮ ಊರಿನ ಪರಿಚಿತ ಮುಖ. ಹಾಗಾಗಿ ನಂಬುತ್ತಾರೆ.

ಹಂಗೇರಿಯಲ್ಲಿ ಇನ್ನೂ ಸಲೀಸಾಗಿ ಆಯಿತು. 2018ರಲ್ಲಿ ಸರ್ಕಾರದ ಪರ ಇದ್ದ ಮಾಲೀಕರು ನಾನೂರಕ್ಕೂ ಹೆಚ್ಚು ಪತ್ರಿಕೆ, ಚಾನಲ್, ರೇಡಿಯೋಗಳನ್ನು ಒಂದೇ ಪ್ರತಿಷ್ಠಾನಕ್ಕೆ ದಾನ ಬರೆದುಕೊಟ್ಟರು. ಒಬ್ಬ ಪತ್ರಕರ್ತನನ್ನೂ ಜೈಲಿಗೆ ಹಾಕಬೇಕಾಗಲಿಲ್ಲ.

ಗೋಣಿಕೊಪ್ಪ ಗಿರಾಕಿ:
ನಮ್ಮಲ್ಲಿ ಅಷ್ಟು ಕೆಟ್ಟಿಲ್ಲ.

ಪುತ್ತರಿ ಕದಿರು:
ಆರ್‌ಎಸ್‌ಎಫ್ (ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್) ಅವರ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯಲ್ಲಿ 180 ದೇಶಗಳಲ್ಲಿ ನಾವು 2023ರಲ್ಲಿ 161, 2025ರಲ್ಲಿ 151. ಆ ಪಟ್ಟಿ ಸರಿ ಇಲ್ಲ ಅನ್ನುವವರಿದ್ದಾರೆ, ಇರಲಿ. ಹತ್ತು ಸ್ಥಾನ ಮೇಲೆ ಬಂದರೂ ಎಲ್ಲಿದ್ದೇವೆ ನೋಡಿ.

ವಕೀಲರ ಆಫೀಸು:
ನಿಮ್ಮ ಪತ್ರಿಕೆ ಯಾರದು ಅಂತ ತಿಳಿಯಬೇಕಾದರೆ ಹಳೇ ಸಂಚಿಕೆ ತೆಗೆಯಿರಿ. ಪ್ರತಿ ವರ್ಷ ಫೆಬ್ರುವರಿ ಮುಗಿದ ಕೂಡಲೇ ಬರುವ ಸಂಚಿಕೆಯಲ್ಲಿ 'ನಮೂನೆ 4' ಅಂತ ಒಂದು ಸಣ್ಣ ಚೌಕ ಇರುತ್ತಿತ್ತು, 1956ರ ನಿಯಮ. ಇರುವೆ ಅಕ್ಷರ. ಪ್ರಕಟಣೆಯ ಸ್ಥಳ, ಅವಧಿ, ಮುದ್ರಕರು, ಪ್ರಕಾಶಕರು, ಸಂಪಾದಕರು, ಅವರ ರಾಷ್ಟ್ರೀಯತೆ, ವಿಳಾಸ. ಕೊನೆಯ ಸಾಲಿನಲ್ಲಿ ಶೇ 1ಕ್ಕಿಂತ ಹೆಚ್ಚು ಬಂಡವಾಳ ಇರುವವರ ಹೆಸರು. ನಾವೆಲ್ಲ ನಿಧನ ವಾರ್ತೆ ಓದಿ ಪುಟ ತಿರುಗಿಸುತ್ತಿದ್ದೆವು.

ಅದರಲ್ಲೂ ಒಂದು ತೂತು ಇದೆ. ಆ ಸಾಲಿನಲ್ಲಿ ಇನ್ನೊಂದು ಕಂಪನಿಯ ಹೆಸರಿದ್ದರೆ ಅದರ ಹಿಂದೆ ಯಾರು ಅಂತ ಅಲ್ಲಿ ಗೊತ್ತಾಗಲ್ಲ. ಎನ್‌ಡಿಟಿವಿಯಲ್ಲಿ ಆಟ ನಡೆದದ್ದೂ ಹೀಗೆ ಕಂಪನಿಯ ಹಿಂದಿನ ಕಂಪನಿಯಲ್ಲೇ. ಮೊದಲು ಹೊಸ ಕಾನೂನು ಬೇಡ, ಕೊನೆಯ ಮಾಲೀಕನವರೆಗೆ ಹೆಸರು ಬಿಚ್ಚಿಡಲಿ ಸಾಕು ಅನ್ನುವುದು ನನ್ನ ವಾದ. ಇದಕ್ಕೆ ಯಾವ ಕೋರ್ಟೂ ಅಡ್ಡ ಬರಲಿಕ್ಕಿಲ್ಲ.

ಹಳೇ ಮೇಷ್ಟ್ರು (ಸೋಮವಾರಪೇಟೆ):
ಹೆಸರು ಗೊತ್ತಾದ ಮೇಲೆ ಏನು ಮಾಡುವುದು ವಕೀಲರೇ? ಜಿಯೋಸ್ಟಾರ್ ಯಾರದು ಅಂತ ಈಗ ಎಲ್ಲರಿಗೂ ಗೊತ್ತು. ಸ್ಪರ್ಧಾ ಆಯೋಗವೂ ಕೆಲವು ಬದಲಾವಣೆ ಕೇಳಿ ಆ ವಿಲೀನಕ್ಕೆ ಒಪ್ಪಿಗೆ ಕೊಟ್ಟಿತು. ಅವರು ನೋಡುವುದು ಜಾಹೀರಾತಿನ ದರ, ಮಾರುಕಟ್ಟೆಯ ಪಾಲು. ಒಂದು ಜಿಲ್ಲೆಯ ದನಿ ಉಳಿಯುತ್ತದಾ ಅಂತ ಅಳೆಯುವ ಮಾಪನ ಅವರಲ್ಲಿ ಇಲ್ಲ. ಟ್ರಾಯ್ ಶಿಫಾರಸು ಬೇಕು ಅನ್ನುವುದು ಅದಕ್ಕೇ.

ವಕೀಲರ ಆಫೀಸು:
ಟ್ರಾಯ್ ಕೂಡ ಸರ್ಕಾರ ನೇಮಿಸಿದ್ದೇ ಮೇಷ್ಟ್ರೇ. ನಾವಿಬ್ಬರೂ ಒಪ್ಪುವುದು ಕಷ್ಟ, ಬಿಡಿ.

ಮಕ್ಕಂದೂರು:
ಬಿಡಿಸುದ್ದಿಯವರೇ, ಆ ಗುಡ್ಡ ಕಡಿದ ಸುದ್ದಿ ಏನಾಯಿತು ಹೇಳಿ. ರಸ್ತೆ ಆಯಿತಾ? ಕೆಳಗಿನ ಮನೆಯವರು ಈಗಲೂ ಅಲ್ಲೇ ಇದ್ದಾರಾ?

ನಿವೃತ್ತ ಬಿಡಿಸುದ್ದಿ:
ರಸ್ತೆ ಆಯಿತು. ಮನೆಯೂ ಅಲ್ಲೇ ಇದೆ. ಮೇಲೆ ಈಗ ಇನ್ನೊಂದು ಕಟ್ಟಡ ಏಳುತ್ತಿದೆ ಅಂತ ಕೇಳಿದೆ. ಹಳೇ ಫೋಟೊ ನನ್ನ ಹತ್ತಿರ ಇದೆ. ಆದರೆ ಕಾಗದ ಇಲ್ಲದೆ ಸುಮ್ನೆ ಇಲ್ಲಿ ಹಾಕಿದರೆ ನನ್ನ ಮೇಲೆ ಮಾನನಷ್ಟ ಮೊಕದ್ದಮೆ ಬರುತ್ತೆ. ಪತ್ರಿಕೆ ಬೆನ್ನಿಗೆ ಇದ್ದರೆ ಬೇರೆ ಮಾತು.

ಕಾವೇರಮ್ಮನ ಮೊಮ್ಮಗಳು:
ಕಾಗದ ತರಿಸೋಣ ಅಂಕಲ್. ಗುಡ್ಡ ಕಡಿಯಲು, ಕಟ್ಟಲು ಅನುಮತಿ ಕೊಟ್ಟಿದ್ದಾರಾ ಅಂತ ಪಂಚಾಯಿತಿಗೆ ಒಂದು, ಭೂ ಪರಿವರ್ತನೆ ಆಗಿದೆಯಾ ಅಂತ ಕಂದಾಯ ಇಲಾಖೆಗೆ ಒಂದು ಆರ್‌ಟಿಐ ಹಾಕಿದರಾಯಿತು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ನಾನು ಬರೆಯುತ್ತೇನೆ. ನಾಪೋಕ್ಲು ಕಡೆಯವರು ಯಾರಾದರೂ ಇದ್ದರೆ ಸರ್ವೆ ನಂಬರ್ ಹುಡುಕಿ ಕೊಡಿ.

ವಕೀಲರ ಆಫೀಸು:
ಅರ್ಜಿಯಲ್ಲಿ "ಯಾಕೆ ಕೊಟ್ಟಿರಿ" ಅಂತ ಕೇಳಬೇಡಿ, ಹಾಗೆ ಕೇಳಿದರೆ ತಳ್ಳಿಹಾಕುತ್ತಾರೆ. "ಅನುಮತಿ ಪತ್ರದ ದೃಢೀಕೃತ ಪ್ರತಿ ಕೊಡಿ" ಅಂತ ಕೇಳಿ. ಬರೆದ ಮೇಲೆ ಒಮ್ಮೆ ನನಗೆ ತೋರಿಸಿ.